ಬಾಣಂತನದಲ್ಲೂ ಬರೆಯಿರಿ, ಬಿಡಿಸಿ, ಹಾಡಿ: ಶುರು ಮಾಡುವುದು ಹೀಗೆ

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಹಾಗಾದರೆ ತಾಯಿಗೆ ಬೇಕಾದಷ್ಟು ಬಿಡುವು ಇರಬೇಕು ಅಲ್ವಾ? ಆದರೆ ಆ ನಿದ್ದೆ ಬರುವುದು ತುಂಡು ತುಂಡಾಗಿ. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಸಬೇಕು. ತೇಗಿಸಬೇಕು, ಬಟ್ಟೆ ಬದಲಿಸಬೇಕು. ಇದರ ನಡುವೆ ತಾಯಿಯೂ ಕಣ್ಣು ಮುಚ್ಚಬೇಕು. ಗಂಟೆಗಟ್ಟಲೆ ಕೂತು ಕೆಲಸ ಮಾಡಿ ರೂಢಿಯಾದವರಿಗೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುವುದಿಲ್ಲ.

ನಮ್ಮ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತವರಿರಲಿ, ಮನೆಯಲ್ಲೇ ಕಥೆ ಬರೆಯುವವರಿರಲಿ, ಸಂಗೀತ ಪಾಠ ಹೇಳುವವರಿರಲಿ, "ಮಗು ದೊಡ್ಡದಾಗಲಿ, ಆಮೇಲೆ ನೋಡೋಣ" ಅಂತ ಎತ್ತಿಟ್ಟ ಕೆಲಸ ಎಷ್ಟೋ ಸಲ ಅಟ್ಟದಿಂದ ಇಳಿಯುವುದೇ ಇಲ್ಲ. ಹಾಗಾಗಬಾರದು. ಬಿಡುವಿಗೆ ಕಾಯಬೇಡಿ. ಸಿಗುವ ಹತ್ತು ನಿಮಿಷಕ್ಕೆ ಹೊಂದುವಷ್ಟು ಕೆಲಸವನ್ನೇ ಚಿಕ್ಕದು ಮಾಡಿಕೊಳ್ಳಿ.

ಮೊದಲು ನಿದ್ದೆ

ಮೊದಲ ಒಂದೆರಡು ವಾರ ಏನನ್ನೂ ಮುಗಿಸಲು ಹೋಗಬೇಡಿ. ಮಗು ಮಲಗಿದಾಗ ನೀವೂ ಮಲಗಿ. ಏನಾದರೂ ಹೊಳೆದರೆ ಮೊಬೈಲ್‌ನಲ್ಲಿ ಮೆಲ್ಲಗೆ ಹೇಳಿ ರೆಕಾರ್ಡ್ ಮಾಡಿಡಿ. ದಿನಕ್ಕೆ ಒಂದು ಸಾಲು ಬಂದರೂ ಸಾಕು.

ಈ ಹೊತ್ತಿನಲ್ಲಿ ಮನೆಯ ಹಿರಿಯರ ಮಾತು ಬಂದೇ ಬರುತ್ತದೆ. "ಬಾಣಂತಿ ಓದಬಾರದು, ಹೊಲಿಯಬಾರದು, ಕಣ್ಣು ಹೋಗ್ತವೆ." ಹೆರಿಗೆಯಾದ ಮೇಲೆ ಓದಿದರೆ ದೃಷ್ಟಿ ಹಾಳಾಗುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಆದರೆ ನಿದ್ದೆಗೆಟ್ಟ ಕಣ್ಣು ಬೇಗ ಸೋಲುವುದು ನಿಜ. ಆ ಮಾತಿನ ಹಿಂದಿರುವುದು ಮಗಳ ಮೇಲಿನ ಕಾಳಜಿ. ಅದಕ್ಕೇ ಜಗಳ ಆಡಬೇಡಿ. ಹಗಲು ಬೆಳಕಲ್ಲಿ, ಕಿಟಕಿ ಹತ್ತಿರ, ಸ್ವಲ್ಪ ಹೊತ್ತು ಮಾತ್ರ ಅಂತ ಒಪ್ಪಿಸಿ. ಅಜ್ಜಿ ಮಗುವಿಗೆ ಎಣ್ಣೆ ಹಚ್ಚುತ್ತಾ ಹಾಡುವ ಜೋಗುಳವನ್ನು, ಅವರನ್ನು ಕೇಳಿಯೇ, ಫೋನ್‌ನಲ್ಲಿ ಹಿಡಿದಿಡಿ. ಬರೆಯುವವರಿಗೂ ಹಾಡುವವರಿಗೂ ಅದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ?

ಎರೆದ ಮೇಲಿನ ಹೊತ್ತು

ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಎಷ್ಟೋ ಮಕ್ಕಳು ಒಂದಿಷ್ಟು ಹೊತ್ತು ಗಾಢವಾಗಿ ನಿದ್ದೆ ಹೋಗುತ್ತವೆ. (ಸಾಂಬ್ರಾಣಿ ಹೊಗೆಯನ್ನು ಮಾತ್ರ ಮಗುವಿನಿಂದ ದೂರ ಇಡಿ. ಎಳೆಯ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ.) ಹಿಂದಿನ ರಾತ್ರಿ ನಿಮಗೆ ನಿದ್ದೆ ಆಗಿದ್ದರೆ ಈ ಹೊತ್ತು ನಿಮ್ಮ ಕೆಲಸಕ್ಕೆ. ಆಗಿಲ್ಲದಿದ್ದರೆ ನಿದ್ದೆಗೆ.

ಕೆಲಸ ಬಿಚ್ಚಿಟ್ಟಂತೆಯೇ ಇರಲಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮಗ್ಗ ಎಷ್ಟೋ ಕಡೆ ಮನೆಯೊಳಗೇ ಇರುತ್ತದೆ. ಎದ್ದು ಹೋದರೆ ನೇಯ್ಗೆ ನಿಂತ ಕಡೆಯೇ ನಿಂತಿರುತ್ತದೆ. ಬಂದು ಕೂತರೆ ಮುಂದಿನ ಎಳೆ. ನಿಮ್ಮ ಕೆಲಸವೂ ಹೀಗೆಯೇ ಇರಬೇಕು. ಹತ್ತು ನಿಮಿಷದಲ್ಲಿ ಐದು ನಿಮಿಷ ಪೆನ್ಸಿಲ್ ಹುಡುಕುವುದಕ್ಕೇ ಹೋದರೆ ಏನು ಉಳಿಯಿತು?

ಒಂದು ಬುಟ್ಟಿ ತಗೊಳ್ಳಿ. ಅದರಲ್ಲಿ ಒಂದೇ ಪುಸ್ತಕ, ಎರಡು ಪೆನ್ನು, ಒಂದು ಪೆನ್ಸಿಲ್, ಕ್ಲಿಪ್ ಇರುವ ಪರೀಕ್ಷೆಯ ರಟ್ಟು. ಅದು ಹಾಲು ಕುಡಿಸುವ ಜಾಗದ ಪಕ್ಕದಲ್ಲೇ ಇರಲಿ. ಮಗು ಅತ್ತು ಏಳಬೇಕಾದಾಗ ಮುಂದೇನು ಅಂತ ಅಂಚಿನಲ್ಲಿ ಗೀಚಿ ಏಳಿ: "ಅತ್ತೆ ಬಾಗಿಲು ತೆಗೆಯುತ್ತಾಳೆ" ಅಂತಲೋ, "ಕಿವಿ ಹಿಂದೆ ನೆರಳು" ಅಂತಲೋ. ವಾಕ್ಯ ಅರ್ಧಕ್ಕೆ ನಿಂತರೆ ಬೇಜಾರು ಬೇಡ. ಅರ್ಧ ನಿಂತ ವಾಕ್ಯವೇ ಮತ್ತೆ ಒಳಗೆ ಕರೆದುಕೊಳ್ಳುತ್ತದೆ.

ಮಗುವನ್ನೇ ನೋಡಿ ಬಿಡಿಸಿ

ಎಡತೋಳಿನಲ್ಲಿ ಮಗು, ಪಕ್ಕದ ದಿಂಬಿನ ಮೇಲೆ ರಟ್ಟು, ಬಲಗೈಯಲ್ಲಿ ಪೆನ್ನು. ಮುಷ್ಟಿಯೊಂದನ್ನೇ ಬಿಡಿಸಿ. ಹಸಿದಾಗ ಅದು ಗಟ್ಟಿಯಾಗಿ ಬಿಗಿದಿರುತ್ತದೆ, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿರುತ್ತದೆ. ಹಾಲು ಒಳಗೆ ಹೋದಂತೆ ಒಂದೊಂದೇ ಬೆರಳು ಸಡಿಲವಾಗುತ್ತದೆ. ಹೊಟ್ಟೆ ತುಂಬಿದಾಗ ಅಂಗೈ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಒಂದು ಸಲದ ಹಾಲಿನಲ್ಲಿ ಮೂರು ಚಿತ್ರ ಆಯಿತು. ರಬ್ಬರ್ ಬೇಡ. ತಪ್ಪು ಗೆರೆಯೂ ಇರಲಿ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಎಳೆ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ, ಹೆಚ್ಚುಕಡಿಮೆ ಎದೆಯಿಂದ ತಾಯಿಯ ಮುಖದಷ್ಟು. ಕಪ್ಪು-ಬಿಳುಪಿನ ದಪ್ಪ ಗೆರೆಗಳನ್ನು ಅದು ಕಣ್ಣು ಬಿಟ್ಟು ನೋಡುತ್ತದೆ. ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಚುಕ್ಕಿ ರಂಗೋಲಿ ಬಿಡಿಸಿ, ಮಗು ಎಚ್ಚರವಿದ್ದಾಗ ಆ ದೂರದಲ್ಲಿ ಹಿಡಿಯಿರಿ. ದಿನಕ್ಕೊಂದು ರಟ್ಟು. ನಿಮಗೂ ಅಭ್ಯಾಸ, ಮಗುವಿಗೂ ನೋಡಲು ಒಂದು ಹೊಸದು.

ಮೈ ಮಾತು ಕೇಳಿ

ಟರ್ಪಂಟೈನ್, ಎಣ್ಣೆ ಬಣ್ಣ, ಸ್ಪ್ರೇ ಸದ್ಯಕ್ಕೆ ಬೇಡವೇ ಬೇಡ. ಕೌದಿ ಹೊಲಿಯುವವರು ಏಳುವ ಮುಂಚೆ ಸೂಜಿ ಎಣಿಸಿ. ಸಿಸೇರಿಯನ್ ಆದವರು ಉಸಿರು ಬಿಗಿಹಿಡಿದು ಹಾಡುವ ಸಾಧನೆಗೆ ವೈದ್ಯರು ಹೂಂ ಅನ್ನುವವರೆಗೆ ಕಾಯಿರಿ, ಅಲ್ಲಿಯವರೆಗೆ ಗುನುಗಿ. ಮಗುವನ್ನು ಎತ್ತಿ ಎತ್ತಿ ಹೆಬ್ಬೆರಳಿನ ಬುಡದಲ್ಲಿ ನೋವು ಬರುವುದು ಬಾಣಂತಿಯರಲ್ಲಿ ಜಾಸ್ತಿ. ನೋವಿದ್ದರೆ ಬರೆಯುವ ಕೈಗೆ ರಜೆ ಕೊಡಿ, ಕಡಿಮೆಯಾಗದಿದ್ದರೆ ತೋರಿಸಿ.

ಇನ್ನೊಂದು ಮಾತು. ಅಳು, ಬೇಸರ, ಯಾವುದೂ ಬೇಡ ಅನ್ನುವ ಭಾವ ಎರಡು ವಾರ ದಾಟಿದರೂ ಹೋಗದಿದ್ದರೆ ಅದಕ್ಕೆ ಕಲೆ ಮದ್ದಲ್ಲ, ವೈದ್ಯರನ್ನು ನೋಡಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ.

ತವರಿನಿಂದ ಹೊರಡುವ ಮುಂಚೆ

ಅಭ್ಯಾಸ ನಿಜಕ್ಕೂ ಕೈತಪ್ಪುವುದು ಹೆರಿಗೆಯಾದಾಗ ಅಲ್ಲ, ತವರು ಬಿಟ್ಟು ಗಂಡನ ಮನೆಗೆ ಹೋದಾಗ ಅಂತ ನನಗನಿಸುತ್ತದೆ. ತವರಿನಲ್ಲಿ ಅಮ್ಮ ಇರುತ್ತಾರೆ, ಅಜ್ಜಿ ಇರುತ್ತಾರೆ. ಗಂಡನ ಮನೆಗೆ ಹೋದ ಮೇಲೆ ಅಡುಗೆ, ನೆಂಟರು, ಬಟ್ಟೆ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. 26 ವಾರದ ಹೆರಿಗೆ ರಜೆ ಇರುವವರಿಗೂ ಅದು ಕರಗಿದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ಹೊರಡುವ ಮುಂಚೆಯೇ ಗಂಡನ ಜೊತೆ ಕೂತು ಮಾತಾಡಿ. "ಸ್ವಲ್ಪ ಸಹಾಯ ಮಾಡ್ರಿ" ಅಂದರೆ ಕೆಲಸ ಆಗುವುದಿಲ್ಲ. "ಸಂಜೆ ಏಳಕ್ಕೆ ಹಾಲು ಕುಡಿಸಿ ಕೊಡ್ತೀನಿ, ಏಳೂವರೆವರೆಗೆ ಮಗು ನಿಮ್ಮ ಹತ್ರ, ನಾನು ಒಳಗೆ ಬರೀತಿರ್ತೀನಿ" ಅಂತ ಹೊತ್ತು ಹೇಳಿ. ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಅಪ್ಪನಿಗೂ ಬರುತ್ತದೆ. ಮೊದಲ ದಿನ ಮಗು ಅಳಬಹುದು. ಓಡಿ ಬಂದು ಎತ್ತಿಕೊಳ್ಳಬೇಡಿ, ಅವರಿಬ್ಬರಿಗೂ ಒಬ್ಬರಿಗೊಬ್ಬರು ರೂಢಿಯಾಗಲಿ. ಅತ್ತೆಗೆ ಈ ವಿಷಯವನ್ನು ಅವರ ಮಗನೇ ಹೇಳಲಿ.

ಮೂರು ನಾಲ್ಕು ತಿಂಗಳಿಗೆ ಎಷ್ಟೋ ಮಕ್ಕಳ ರಾತ್ರಿ ನಿದ್ದೆ ಉದ್ದವಾಗುತ್ತದೆ. ಆಗ ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆಗೆ ಬೆಳೆಸಿ. ಬಿಡಿ ಸಾಲುಗಳನ್ನೂ ಮುಷ್ಟಿಯ ಚಿತ್ರಗಳನ್ನೂ ತೆಗೆದು ಹರಡಿಕೊಂಡು, ಯಾವುದು ಕಥೆಯಾಗುತ್ತದೆ, ಯಾವುದು ದೊಡ್ಡ ಚಿತ್ರವಾಗುತ್ತದೆ ನೋಡಿ. ಮಗು ಬೋರಲು ಬೀಳಲು ಶುರು ಮಾಡುವ ಕಾಲವೂ ಅದೇ. ಅಂದಿನಿಂದ ಬುಟ್ಟಿಯನ್ನು ಎತ್ತರದ ಹಲಗೆಯ ಮೇಲಿಡಿ, ಪೆನ್ನಿನ ಮುಚ್ಚಳಗಳನ್ನು ಹಾಸಿಗೆ ಮೇಲೆ ಬಿಡಬೇಡಿ.