ಇಂಗ್ಲೆಂಡಿನ ಹಳೇ ಕೋರ್ಟ್ ಕೇಸುಗಳಲ್ಲಿ ನಿಮ್ಮ ಹಿರೀಕರನ್ನ ಹುಡುಕೋದು ಹೇಗೆ

ವಂಶವೃಕ್ಷ ಮಾಡ್ತಿರೋರಿಗೆ ಕೋರ್ಟ್ ರೆಕಾರ್ಡ್ ನೋಡಿ ಅಂದ್ರೆ ಸಾಕು, "ನಮ್ಮನೇಲಿ ಯಾರೂ ಜೈಲಿಗೆ ಹೋದೋರಿಲ್ಲಪ್ಪ" ಅಂತ ಮುಖ ತಿರುಗಿಸ್ತಾರೆ. ಅಯ್ಯೋ, ಆರೋಪಿ ಒಬ್ನೇ ಇರ್ತಾನಾ ಅಲ್ಲಿ? ದೂರು ಕೊಟ್ಟೋನು, ಪಕ್ಕದ್ಮನೆಯವಳು, ಕದ್ದ ಮಾಲನ್ನ ಗಿರವಿ ಇಟ್ಕೊಂಡೋನು, ಹಿಡಿದ ಪೇದೆ, ಜೂರಿಯವರು, ಎಲ್ಲರ ಹೆಸ್ರೂ ಬರುತ್ತೆ. ಹಾಗಾಗಿ ಮೊದಲು ಸಾಕ್ಷಿಗಳ ಕಡೆ ನೋಡಿ ಅಂತ ನಾನು ಹೇಳೋದು. ಜನನ ಮರಣದ ರಿಜಿಸ್ಟರಲ್ಲಿ ಸಿಗೋದು ಬರೀ ಹೆಸ್ರು ತಾರೀಕು, ಸಾಕ್ಷಿ ಹೇಳಿಕೆಯಲ್ಲಿ ಆದ್ರೆ ಅವ್ರೇ ಮಾತಾಡ್ತಾರೆ, ನಾನು ಬಡಗಿ, ಇಂಥ ಬೀದೀಲಿ ಇದೀನಿ, ರಾತ್ರಿ ಹತ್ತು ಗಂಟೆಗೆ ಬಾಗ್ಲು ಹಾಕ್ಕೊಂಡು ಮಲಗಿದ್ದೆ ಅಂತ.

ಲಂಡನ್ ಕಡೆ ಬೇರು ಇರೋರಿಗೆ ಅದೃಷ್ಟ ಜಾಸ್ತಿ. ಓಲ್ಡ್ ಬೈಲಿ ಅನ್ನೋದು ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟು. ಓಲ್ಡ್ ಬೈಲಿ ಆನ್‌ಲೈನ್ ಅಂತ ಸೈಟಿದೆ, ಪೂರ್ತಿ ಫ್ರೀ, 1674ರಿಂದ 1913ರ ತನಕದ 1,97,000ಕ್ಕೂ ಹೆಚ್ಚು ಕೇಸ್ ಅದ್ರಲ್ಲಿವೆ. ಹೆಸರಿನ ಬಾಕ್ಸಲ್ಲಿ ಹಾಕಿ ಸಿಗ್ಲಿಲ್ಲ ಅಂತ ಎದ್ದು ಹೋಗ್ಬೇಡಿ, ಕೀವರ್ಡಲ್ಲೂ ಹಾಕಿ, ಸ್ಪೆಲ್ಲಿಂಗ್ ನಾಲ್ಕೈದು ಥರ ಬದಲಾಯಿಸಿ ನೋಡಿ, ಯಾಕಂದ್ರೆ ಕ್ಲರ್ಕು ಕಿವಿಗೆ ಬಿದ್ದಂಗೆ ಬರ್ಕೊಂಡಿರ್ತಾನೆ. ಹೆಸ್ರು ತೀರಾ ಕಾಮನ್ ಆಗಿದ್ರೆ ಬೀದಿ ಹೆಸ್ರು ಇಲ್ಲಾ ಕಸುಬಿನ ಜೊತೆ ಸೇರಿಸಿ ಹುಡುಕಿ. ಕೇಸ್ ಸಿಕ್ಕಿದ ತಕ್ಷಣ ಅದರ ನಂಬರ್ ಬರ್ಕೊಳ್ಳಿ: ಮೊದಲು ಟಿ ಅಂತ ಅಕ್ಷರ, ಆಮೇಲೆ ವರ್ಷ ತಿಂಗಳು ದಿನ ಒಟ್ಟಿಗೆ, ಆಮೇಲೆ ಗೆರೆ ಹಾಕಿ ಕೇಸ್ ನಂಬರ್. ಆ ದಿನ ಅನ್ನೋದು ಕೋರ್ಟಿನ ಆ ಅಧಿವೇಶನ ಶುರುವಾದ ದಿನ, ನಿಮ್ಮೋರ ಕೇಸ್ ನಡೆದಿದ್ದು ಎರಡು ಮೂರು ದಿನ ಆದ್ಮೇಲೂ ಇರ್ಬೋದು.

ಲಂಡನ್ ಬಿಟ್ಟು ಇಂಗ್ಲೆಂಡಿನ ಬೇರೆ ಕಡೆಯಾದ್ರೆ ಸ್ವಲ್ಪ ಓಡಾಟ ಇದೆ. ದೊಡ್ಡ ಅಪರಾಧಗಳು ಅಸೈಜ್ ಕೋರ್ಟಿಗೆ, ಅಂದ್ರೆ ಜಡ್ಜುಗಳು ಊರೂರಿಗೆ ಬಂದು ನಡೆಸ್ತಿದ್ದ ಕೋರ್ಟಿಗೆ ಹೋಗ್ತಿದ್ವು, ಆ ಕಾಗದಗಳು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿವೆ. ಚಿಕ್ಕಪುಟ್ಟವು ಕ್ವಾರ್ಟರ್ ಸೆಷನ್ಸ್ ಅನ್ನೋ ಮೂರು ತಿಂಗಳಿಗೊಮ್ಮೆ ಕೂರ್ತಿದ್ದ ಕೋರ್ಟಿಗೆ, ಅವು ಸಾಮಾನ್ಯವಾಗಿ ಆಯಾ ಕೌಂಟಿಯ, ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ರೆಕಾರ್ಡ್ ಆಫೀಸಲ್ಲಿರುತ್ತೆ. ಯಾವ ಕೋರ್ಟು ಯಾವ ವರ್ಷ ಅಂತ ಗೊತ್ತಿಲ್ದೇ ಅಲ್ಲಿಗೆ ಹೋದ್ರೆ ದಿನ ಪೂರ್ತಿ ವೇಸ್ಟು, ಅದಕ್ಕೇ ಮೊದಲು ಹೋಮ್ ಆಫೀಸಿನ (ಅಲ್ಲಿನ ಗೃಹ ಇಲಾಖೆ) ಕ್ರಿಮಿನಲ್ ರಿಜಿಸ್ಟರ್ ನೋಡಿ, ಎಚ್‌ಒ 27 ಅನ್ನೋ ಸರಣಿ, 1805ರಿಂದ 1892ರ ತನಕ, ಯಾರ ಮೇಲೆ ಏನು ಆರೋಪ ಏನು ತೀರ್ಪು ಅಂತ ಕೌಂಟಿವಾರು ಇದೆ. ಆದ್ರೆ ಅದರಲ್ಲಿ ಆರೋಪಿಗಳು ಮಾತ್ರ, ಸಾಕ್ಷಿಗಳು ಬೇಕಂದ್ರೆ ಆ ಊರಿನ ಹಳೇ ಪೇಪರ್‌ಗಳೇ ಗತಿ. ನಿಜ ಹೇಳ್ಬೇಕಂದ್ರೆ ಎಷ್ಟೋ ಸಲ ಕೋರ್ಟಿನ ಕಡತಕ್ಕಿಂತ ಪೇಪರಲ್ಲೇ ಜಾಸ್ತಿ ವಿವರ ಇರುತ್ತೆ.

ಈಗ ಓದೋ ವಿಷ್ಯ, ಎಲ್ರೂ ಎಡವೋದು ಇಲ್ಲೇ. ಆರೋಪಪಟ್ಟಿಯಲ್ಲಿ ಇಂಥ ಊರಿನ ಕೂಲಿಯವನು ಅಂತಿದ್ರೆ ಹಾಗೇ ವಂಶವೃಕ್ಷಕ್ಕೆ ಏರಿಸ್ಬೇಡಿ. ಕೂಲಿ ಅನ್ನೋದು ಸುಮ್ನೆ ವಾಡಿಕೆಗೆ ಬರೆಯೋ ಪದ, ಊರು ಅನ್ನೋದು ಅಪರಾಧ ನಡೆದ ಜಾಗ, ಅವನು ವಾಸ ಇದ್ದದ್ದೇ ಬೇರೆ ಕಡೆ ಇರ್ಬೋದು. ಕದ್ದ ಮಾಲಿನ ಬೆಲೆನೂ ಅಷ್ಟೇ. ಮನೆಯೊಳಗಿಂದ 40 ಶಿಲಿಂಗಿನ ಮಾಲು ಕದ್ರೆ ಗಲ್ಲು ಅಂತ ಕಾನೂನು ಇದ್ದ ಕಾಲದಲ್ಲಿ ಜೂರಿಯವರು "39 ಶಿಲಿಂಗಿನಷ್ಟು ಕದ್ದಿದ್ದಾನೆ" ಅಂತ ತೀರ್ಪು ಕೊಡೋರು. ಅಂಥಾ 39 ಕಣ್ಣಿಗೆ ಬಿದ್ರೆ ತಿಳ್ಕೊಳ್ಳಿ, ಅದು ಮಾಲಿನ ರೇಟಲ್ಲ, ಜೂರಿಯ ಹನ್ನೆರಡು ಜನ ಸೇರಿ ಒಬ್ಬನ ಕುತ್ತಿಗೆ ಉಳಿಸಿದ್ದು.

1733ಕ್ಕಿಂತ ಹಿಂದಿನ ಆರೋಪಪಟ್ಟಿ ಲ್ಯಾಟಿನ್‌ನಲ್ಲಿರುತ್ತೆ. 1752ಕ್ಕೆ ಮುಂಚೆ ಇಂಗ್ಲೆಂಡಲ್ಲಿ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಹಾಗಾಗಿ ಫೆಬ್ರವರಿ 1740 ಅಂತ ಬರೆದಿದ್ರೆ ನಮ್ಮ ಲೆಕ್ಕದಲ್ಲಿ ಅದು 1741.

ಇನ್ನು ಅಕಸ್ಮಾತ್ ನಿಮ್ಮೋರೇ ಆರೋಪಿ, ಮರಣದಂಡನೆ ಅಂತ ಇದೆ ಅಂದ್ಕೊಳ್ಳಿ, ಆ ಕೊಂಬೆ ಅಲ್ಲಿಗೇ ಕಡಿದುಬಿಡ್ಬೇಡಿ. ಎಷ್ಟೋ ಜನಕ್ಕೆ ಶಿಕ್ಷೆ ಇಳಿಸಿ, ಗಡೀಪಾರು ಅಂತ ಹಡಗು ಹತ್ತಿಸ್ತಿದ್ರು, 1718ರ ಗಡೀಪಾರು ಕಾಯ್ದೆ ಬಂದ್ಮೇಲೆ ಅಮೆರಿಕಕ್ಕೆ, 1787ರಿಂದ 1868ರ ತನಕ ಆಸ್ಟ್ರೇಲಿಯಾಕ್ಕೆ. ಆಸ್ಟ್ರೇಲಿಯಾದ ಕೈದಿ ಪಟ್ಟಿಗಳಲ್ಲಿ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ ಕೂಡ ಬರೆದಿರ್ತಾರೆ, ಫೋಟೋನೇ ಇಲ್ಲದ ಕಾಲದ ಮನುಷ್ಯ ಕಣ್ಮುಂದೆ ನಿಂತಂಗಾಗುತ್ತೆ. ಡಿಜಿಟಲ್ ಪ್ಯಾನೋಪ್ಟಿಕಾನ್ ಅನ್ನೋ ಸೈಟು ಓಲ್ಡ್ ಬೈಲಿಯಲ್ಲಿ ಶಿಕ್ಷೆಯಾದ ಸುಮಾರು 90,000 ಜನರ ಇಂಥ ದಾಖಲೆಗಳನ್ನ ಒಂದಕ್ಕೊಂದು ಜೋಡಿಸಿದೆ. ಆ ಜೋಡಣೆಯಲ್ಲೂ ಒಂದೇ ಹೆಸರಿನ ಇಬ್ಬರು ಬೆರೆತಿರ್ಬೋದು, ವಯಸ್ಸು ತಾಳೆ ಹಾಕಿ ನೋಡಿ.