ದುರ್ಬೀನು ಕೊಳ್ಳುವ ಮುಂಚೆ ಅಂಗಡಿಯ ಹೊರಗೆ ಬನ್ನಿ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿ ಮೇಲೆ ನಿಂತರೆ ಹಕ್ಕಿಗಳ ಜೊತೆಗೆ ಹೊಸ ಹೊಸ ದುರ್ಬೀನುಗಳೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಬಹಳಷ್ಟು ಕೊರಳಲ್ಲಿ ತೂಗುವುದಕ್ಕಷ್ಟೇ. ಎರಡು ನಿಮಿಷ ಕಣ್ಣಿಗೆ ಹಚ್ಚುತ್ತಾರೆ, "ಯಾಕೋ ತಲಿ ತಿರಗಾಕತ್ತೈತಿ" ಎಂದು ಪಕ್ಕದವರ ಕೈಗೆ ದಾಟಿಸುತ್ತಾರೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು ಎದುರಿಗೇ ಕುಳಿತಿದ್ದರೂ ಅದರ ತಲೆಯ ಎರಡು ಕಪ್ಪು ಪಟ್ಟೆಗಳು ಅವರಿಗೆ ಕಾಣುವುದಿಲ್ಲ. ಹತ್ತು ಸಾವಿರ ಕೊಟ್ಟು ತಲೆನೋವು ತಂದುಕೊಳ್ಳುವ ಈ ವ್ಯವಹಾರ ಅಂಗಡಿಯ ಕಟ್ಟೆಯ ಮೇಲೇ ತಪ್ಪಿರುತ್ತದೆ.

ಮೊದಲು: ಎರಡು ಅಂಕಿ

ದುರ್ಬೀನಿನ ಮೈಮೇಲೆ 8×42, 10×50 ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಮ್ಮವರು ಕೇಳುವುದು ಮೊದಲನೆಯದನ್ನು ಮಾತ್ರ: "ಎಷ್ಟ್ ದೂರದ್ದು ಕಾಣತೈತ್ರೀ?" ಅಂಗಡಿಯವರೂ ಅದಕ್ಕೆ ತಕ್ಕಂತೆ ಇಪ್ಪತ್ತರದ್ದೋ ಮೂವತ್ತರದ್ದೋ ತೆಗೆದು ಇಡುತ್ತಾರೆ. ಹಕ್ಕಿ ಎಷ್ಟು ದೊಡ್ಡದಾಗುತ್ತದೋ ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಹತ್ತರ ಮೇಲಿನದನ್ನು ಸ್ಟ್ಯಾಂಡ್ ಇಲ್ಲದೆ ಸ್ಥಿರವಾಗಿ ಹಿಡಿಯುವುದು ಕಷ್ಟ. ನೋಟದ ಹರವೂ ಕಿರಿದಾಗುತ್ತದೆ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗವೊಂದು ನೆಗೆದು ಓಡಿತು ಅನ್ನಿ, ಹನ್ನೆರಡರ ದುರ್ಬೀನು ಹಿಡಿದವರು ಬರೀ ಹುಲ್ಲು ಹುಡುಕುತ್ತ ಉಳಿಯುತ್ತಾರೆ.

ಇನ್ನೊಂದು ಲೆಕ್ಕವಿದೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42 ಭಾಗಿಸು 8, 5.25. ಕಣ್ಣಿನ ಕಡೆಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ಜೇಬಿಗೆ ಹೋಗುವ 10×25 ಕೊಡುವುದು 2.5 ಮಾತ್ರ. ನಡುಮಧ್ಯಾಹ್ನ ನಮ್ಮ ಕಣ್ಣ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ಅದು ಸಾಕು. ಆದರೆ ಹಕ್ಕಿ, ಪ್ರಾಣಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆಗ ಪಾಪೆ ಅರಳಿ ಹೆಚ್ಚು ಬೆಳಕು ಬೇಡುತ್ತದೆ, ಸಣ್ಣ ದುರ್ಬೀನು ಕೊಡಲಾರದು.

ನನ್ನ ಮಾತು ಕೇಳುವುದಾದರೆ 8×42 ತಗೊಳ್ಳಿ, ಬೇರೆ ಯೋಚನೆ ಬೇಡ. ವಯಸ್ಸಾದಂತೆ ಪಾಪೆ ಅಷ್ಟು ಅರಳುವುದಿಲ್ಲ, ತೂಕವೂ ಭಾರವೆನಿಸುತ್ತದೆ. ಹಾಗಾಗಿ ಅರವತ್ತು ದಾಟಿದವರಿಗೆ 8×32 ಸಾಕು. ಇನ್ನು ಎರೆಹೊಲದ ಬಯಲಿನಲ್ಲಿ ಹನ್ನೊಂದು ಗಂಟೆಯ ಮೇಲೆ ಬಿಸಿಲ ಝಳಕ್ಕೆ ದೂರದ್ದೆಲ್ಲ ನಡುಗುತ್ತದೆ. ಅದಕ್ಕೆ ಯಾವ ದುರ್ಬೀನಿನಲ್ಲೂ ಮದ್ದಿಲ್ಲ. ಬೇಗ ಏಳಬೇಕು.

ಎರಡು: ಯಾವುದನ್ನು ಮುಟ್ಟಲೇಬಾರದು

ಆನ್‌ಲೈನಿನಲ್ಲಿ ಒಂದೂವರೆ ಸಾವಿರಕ್ಕೆ ಸಿಗುವ 20-180×100 ಜಾತಿಯವು ಶುದ್ಧ ಸುಳ್ಳು. ನೂರು ಮಿಲಿಮೀಟರಿನ ಗಾಜು ಅಂಗೈಯಷ್ಟು ಅಗಲವಿರಬೇಕು, ಸ್ಕೇಲ್ ಹಿಡಿದು ಅಳೆದರೆ ಗೊತ್ತಾಗುತ್ತದೆ. ಮುಂದಿನ ಗಾಜು ಕೆಂಪಗೆ ಕನ್ನಡಿಯ ಹಾಗೆ ಹೊಳೆಯುವವೂ ಬೇಡ. ಅವು ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕಾಣುವುದೆಲ್ಲ ಹಸಿರು-ನೀಲಿಗೆ ತಿರುಗಿರುತ್ತದೆ. ಜೂಮ್ ಇರುವವು ಬೇಡ. ಫೋಕಸ್ ಮಾಡುವ ಚಕ್ರವೇ ಇಲ್ಲದವು ಬೇಡ.

ಮೂರು: ಸೊಟ್ಟ ಕೊಳವೆಯೋ, ನೇರ ಕೊಳವೆಯೋ

ಹೆಗಲು ಅಗಲವಾಗಿರುವ ಹಳೆಯ ನಮೂನೆಯದು ಪೊರೊ, ನೇರ ಕೊಳವೆಯದು ರೂಫ್. ಎಂಟರಿಂದ ಹತ್ತು ಸಾವಿರದ ಒಳಗೆ ಪೊರೊ ಕೊಡುವಷ್ಟು ಚೊಕ್ಕ ನೋಟವನ್ನು ರೂಫ್ ಕೊಡುವುದು ಅಪರೂಪ. ಆದರೆ ಈ ದರದ ಪೊರೊಗಳು ಸಾಮಾನ್ಯವಾಗಿ ನೀರು ತಡೆಯುವುದಿಲ್ಲ. ಬಯಲುಸೀಮೆಯ ಗದಗಿನವರಿಗೆ ಪೊರೊ ಆದೀತು. ಜುಲೈ ಮಳೆಯಲ್ಲಿ ಧಾರವಾಡದಿಂದ ಕಲಘಟಗಿ, ಹಳಿಯಾಳದ ಕಡೆ ಹೋಗುವವರು ಇನ್ನಷ್ಟು ದುಡ್ಡು ಕೂಡಿಸಿ ನೀರು ತಡೆಯುವ, ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದ ರೂಫ್ ಕೊಳ್ಳಲಿ. ಇಪ್ಪತ್ತು ಸಾವಿರದ ಮೇಲೆ ಮೊದಲ ಸಲಕ್ಕೆ ಹೋಗಬೇಡಿ.

ನಾಲ್ಕು: ಹಿಡಿದು ನೋಡುವುದು

ಜನ ಎಡವುವುದು ಇಲ್ಲಿಯೇ. ಅಂಗಡಿಯ ಒಳಗಿನಿಂದ ಎದುರಿನ ಬೋರ್ಡ್ ನೋಡಿ "ಚೊಲೋ ಐತಿ" ಎಂದು ದುಡ್ಡು ಕೊಟ್ಟುಬಿಡುತ್ತಾರೆ. ಅದೇ ಮಾಡೆಲ್ಲಿನ ಎರಡು ಪೀಸುಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ನೋಡಬೇಕಾದದ್ದು ಮಾಡೆಲನ್ನಲ್ಲ, ನಿಮ್ಮ ಕೈಗೆ ಬರುವ ಆ ಒಂದು ಪೀಸನ್ನು.

ಒಳಗಿರುವಾಗಲೇ ಒಂದು ಕೆಲಸ ಮುಗಿಸಿ. ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಬಿಂಬ ನೋಡಿ. ಬಿಂಬಗಳು ಮಂದವಾಗಿ ಹಸಿರು, ನೇರಳೆ ಬಣ್ಣದಲ್ಲಿದ್ದರೆ ಗಾಜಿಗೆ ಸರಿಯಾದ ಲೇಪನವಿದೆ. ಬೆಳ್ಳಗೆ ಫಳಫಳ ಎಂದರೆ ಬೆಳಕು ಪೂರ್ತಿ ಒಳಗೆ ಹೋಗುತ್ತಿಲ್ಲ ಎಂದರ್ಥ. ಡಬ್ಬಿಯ ಮೇಲೆ "ಫುಲ್ಲಿ ಮಲ್ಟಿ-ಕೋಟೆಡ್" ಎಂದೇ ಇರಬೇಕು. ಬರೀ "ಕೋಟೆಡ್" ಎಂದಿದ್ದರೆ ಅದು ಜಾಣತನದ ಮಾತು.

ಈಗ ಹೊರಗೆ ಬನ್ನಿ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಗದ್ದಲದಲ್ಲೂ ಮೇಲೆ ನೋಡಲು ಆಕಾಶವಿದೆ. ದುರ್ಬೀನನ್ನು ತೋಳಳತೆಯಲ್ಲಿ ಹಿಡಿದು, ಸೂರ್ಯನಿಲ್ಲದ ಕಡೆಯ ಆಕಾಶಕ್ಕೆ ತಿರುಗಿಸಿ. ಸೂರ್ಯನನ್ನು ದುರ್ಬೀನಿನಲ್ಲಿ ನೋಡಿದರೆ ಕಣ್ಣೇ ಹೋಗುತ್ತದೆ, ಮಕ್ಕಳಿಗೂ ಹೇಳಿ. ಕಣ್ಣಿನ ಕಡೆಯ ಗಾಜಿನಲ್ಲಿ ಬೆಳಕಿನ ಎರಡು ಬಿಲ್ಲೆ ಕಾಣುತ್ತವೆ. ಅವು ದುಂಡಗೆ, ಅಂಚಿನ ತನಕ ಒಂದೇ ಬೆಳಕಿನಲ್ಲಿರಬೇಕು. ಅಂಚು ಕತ್ತರಿಸಿದಂತೆ ಚೌಕವಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಪ್ರಿಸಮ್ಮಿನ, ಅಂದರೆ ಕೊಳವೆಯೊಳಗೆ ಬಿಂಬವನ್ನು ನೆಟ್ಟಗೆ ಮಾಡುವ ಪಟ್ಟಕದ, ಗಾಜು ಅಗ್ಗದ್ದು. ಒಳ್ಳೆಯದಕ್ಕೆ ಬಿಎಕೆ-4 ಎನ್ನುತ್ತಾರೆ.

ಮುಂದಿನದು ನಡುವಿನ ಕೀಲು. ಎರಡು ಕೊಳವೆಗಳನ್ನು ನಿಮ್ಮ ಕಣ್ಣುಗಳ ಅಂತರಕ್ಕೆ ಹೊಂದಿಸಿ, ಎರಡು ವೃತ್ತ ಸೇರಿ ಒಂದಾಗಬೇಕು. ಆಮೇಲೆ ಬಲಗಣ್ಣಿನ ಕಡೆಯ ಉಂಗುರ. ಇದೊಂದಿದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ! ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ. ಕಣ್ಣು ಮುಚ್ಚಬೇಡಿ, ಒಂದು ಕಣ್ಣು ಹಿಂಡಿದರೆ ಇನ್ನೊಂದೂ ಬಿಗಿಯುತ್ತದೆ. ದೂರದ ಬೋರ್ಡಿನ ಸಣ್ಣ ಅಕ್ಷರಗಳನ್ನು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆಯ ಗಾಜು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಉಂಗುರ ಮಾತ್ರ ತಿರುಗಿಸಿ ಅವೇ ಅಕ್ಷರಗಳನ್ನು ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತು ಎಂದು ಗುರುತಿಟ್ಟುಕೊಂಡರೆ ಮುಂದೆ ಚಕ್ರವೊಂದೇ ಸಾಕು. ಉಂಗುರ ಸಡಿಲವಾಗಿದ್ದು ಬೆರಳು ತಗುಲಿದರೆ ಸರಿಯುವಂತಿದ್ದರೆ ಆ ಪೀಸು ವಾಪಸ್ ಕೊಡಿ.

ಇಷ್ಟಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ದೂರದ ಕಟ್ಟಡದ ಚಜ್ಜಾ ಅಥವಾ ವಿದ್ಯುತ್ ತಂತಿ, ಯಾವುದಾದರೂ ಅಡ್ಡಗೆರೆಯನ್ನು ನೋಡುತ್ತ, ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಒಂದು ಗೇಣು ದೂರ ತನ್ನಿ. ಒಂದಾಗಿದ್ದ ವೃತ್ತ ಎರಡಾಗಿ ಒಡೆಯುತ್ತದೆ. ಎರಡರಲ್ಲೂ ಆ ಗೆರೆ ಒಂದೇ ಎತ್ತರದಲ್ಲಿರಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಕೊಳವೆಗಳು ತಾಳೆಯಾಗಿಲ್ಲ. ಹಾಗಿದ್ದಾಗ ಮೊದಲ ಕ್ಷಣ ಏನೂ ಅನ್ನಿಸುವುದಿಲ್ಲ, ಏಕೆಂದರೆ ಮಿದುಳು ಎರಡನ್ನೂ ಎಳೆದು ಒಂದು ಮಾಡುತ್ತಿರುತ್ತದೆ. ಏರಿಯ ಮೇಲೆ ತಲೆ ತಿರುಗಿಸುವುದು ಈ ಎಳೆದಾಟವೇ. ಖಾತ್ರಿಗೆ, ನೋಡುತ್ತಿರುವಾಗಲೇ ಐದಾರು ಸೆಕೆಂಡ್ ಕಣ್ಣು ಮುಚ್ಚಿ ಫಕ್ಕನೆ ತೆರೆಯಿರಿ. ಚಿತ್ರ ಮೊದಲು ಎರಡಾಗಿ ಕಂಡು ಆಮೇಲೆ ಕೂಡಿಕೊಂಡರೆ ಆ ಪೀಸು ಬೇಡವೇ ಬೇಡ. ಅಂಗಡಿಯವರು "ಹೊಸಾದು ಐತ್ರಿ, ರೂಢಿ ಆಗತೈತಿ" ಎನ್ನುತ್ತಾರೆ. ರೂಢಿಯಾಗುವುದಿಲ್ಲ. ಹೊರಗೆ ತಂದು ನೋಡಲು ಬಿಡದ ಅಂಗಡಿಯಾದರೆ ಇನ್ನೊಂದು ಅಂಗಡಿಗೆ ನಡೆಯಿರಿ.

ಐದು: ಚಾಳೀಸು ಇರುವವರಿಗೆ

ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಮಡಚಿ ಅಥವಾ ಕೆಳಕ್ಕೆ ತಿರುಗಿಸಿ, ಚಾಳೀಸು ಹಾಕಿಕೊಂಡೇ ನೋಡಿ. ಪೂರ್ತಿ ವೃತ್ತ ಕಾಣಬೇಕು. ವಿವರಪಟ್ಟಿಯಲ್ಲಿ "ಐ ರಿಲೀಫ್", ಅಂದರೆ ಪೂರ್ತಿ ವೃತ್ತ ಕಾಣುವಂತೆ ಕಣ್ಣು ಗಾಜಿನಿಂದ ಎಷ್ಟು ದೂರವಿರಬಹುದು ಎಂಬುದು, 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಾಣಲಾರದು. ನಿಕಾನ್ ಅಕ್ಯುಲಾನ್ 8×42 ಈ ದರಕ್ಕೆ ನನಗೆ ಬಹಳ ಹಿಡಿಸಿದ ಪೊರೊ, ಆದರೆ ಅದರದ್ದು 12. ಚಾಳೀಸಿನವರು ಅದೇ ಕಂಪನಿಯ ಪ್ರೊಸ್ಟಾಫ್ ಪಿ3 ನೋಡುವುದು ಒಳ್ಳೆಯದು, ಅದು ನೀರಿಗೂ ಹೆದರುವುದಿಲ್ಲ.

ಕೊನೆಗೆ: ಮನೆಗೆ ತಂದ ಮೇಲೆ

ಜೊತೆಗೆ ಬರುವ ಕೊರಳಪಟ್ಟಿ ತೆಳ್ಳಗಿದ್ದು ಕುತ್ತಿಗೆ ಕೊಯ್ಯುತ್ತದೆ, ಅಗಲವಾದದ್ದು ಬೇರೆ ಕೊಳ್ಳಿ. ಎರೆಮಣ್ಣಿನ ಧೂಳನ್ನು ಶರ್ಟಿನ ತುದಿಯಿಂದ ಒರೆಸಿದರೆ ಲೇಪನ ಗೀರುತ್ತದೆ. ಮೊದಲು ಬ್ಲೋಅರಿನಿಂದ ಊದಿ, ಆಮೇಲೆ ಲೆನ್ಸ್ ಬಟ್ಟೆ. ಮಳೆಗಾಲದಲ್ಲಿ ಚೀಲದಲ್ಲಿ ಮುಚ್ಚಿಡಬೇಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಗಾಜಿನೊಳಗೆ ಬೂಷ್ಟು ಹಬ್ಬುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮುಂದಿನ ಗಾಜಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಈ ಬೂಷ್ಟನ್ನೇ ಮೊದಲು ಹುಡುಕಬೇಕು. ಆನ್‌ಲೈನಿನಲ್ಲಿ ತರಿಸಿದವರು ನಾಲ್ಕನೆಯ ಹಂತದ ಪರೀಕ್ಷೆಗಳನ್ನೆಲ್ಲ ಮನೆಯ ಮಾಳಿಗೆ ಮೇಲೆ ಅವತ್ತೇ ಮಾಡಿ ಮುಗಿಸಿ. ವಾಪಸ್ ಕಳಿಸುವ ಗಡುವು ಮುಗಿಯುವ ತನಕ ಡಬ್ಬಿ, ಬಿಲ್ಲು ಎರಡನ್ನೂ ರದ್ದಿಗೆ ಹಾಕಬೇಡಿ.