ಬೊಲೆರೋ ಬಿಟ್ಟು ಸ್ವಿಫ್ಟ್ ಹಿಡಿದಾಗ ಗೇರ್ ಹೊಂದಿಸಿಕೊಂಡ ಬಗೆ

ತೋಟದ ಕೆಲಸಕ್ಕೆ ಬಹಳ ವರ್ಷ ಡೀಸೆಲ್ ಬೊಲೆರೋ ಓಡಿಸಿದವನು ನಾನು. ಮಗಳು ಓದಲು ಮೈಸೂರಿಗೆ ಹೋದ ಮೇಲೆ ಮನೆಗೆ 2018ರ ಮಾದರಿಯ ಪೆಟ್ರೋಲ್ ಸ್ವಿಫ್ಟ್ ಬಂತು. ಎರಡರಲ್ಲೂ ಐದು ಗೇರು, ಮೂರು ಪೆಡಲು. ಆದರೆ ಮಡಿಕೇರಿ ಸುತ್ತಮುತ್ತಲಿನ ಏರಿಳಿತದಲ್ಲಿ ಎರಡನ್ನೂ ಒಂದೇ ರೀತಿ ಓಡಿಸಲು ಆಗುವುದಿಲ್ಲ. ನಮ್ಮ ಕಡೆ ಜೀಪು, ಪಿಕಪ್ ಓಡಿಸಿ ಕೈ ಪಳಗಿದವರು ಪೆಟ್ರೋಲ್ ಕಾರಿಗೆ ಬರುವುದು ಹೆಚ್ಚು. ಅವರಿಗೆ ನನ್ನ ಅಭ್ಯಾಸ ಉಪಯೋಗಕ್ಕೆ ಬಂದೀತು.

ಮೊದಲು ಕ್ಲಚ್ ಪರಿಚಯ ಮಾಡಿಕೊಂಡೆ. ಕಾಫಿ ಒಣಗಿಸುವ ಕಣ ಮಟ್ಟಸವಾಗಿರುತ್ತದೆ. ಅಲ್ಲಿ ಕಾರು ನಿಲ್ಲಿಸಿ, ಫಸ್ಟ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಚೂರು ಚೂರೇ ಬಿಡುತ್ತಾ ಬಂದೆ. ಒಂದು ಕಡೆ ಇಂಜಿನ್ ದನಿ ತುಸು ತಗ್ಗುತ್ತದೆ, ಸೀಟಿನಡಿ ಸಣ್ಣ ನಡುಕ ಬರುತ್ತದೆ. ಕ್ಲಚ್ ಪ್ಲೇಟು ಇಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನು ಹಿಡಿಯುವುದು ಅಲ್ಲೇ. ಕಾಲನ್ನು ಅಲ್ಲೇ ತಡೆದರೆ ಕಾರು ತಾನಾಗಿ ತೆವಳುತ್ತದೆ. ಬೊಲೆರೋದಲ್ಲಿ ಇಡೀ ಕಾಲು ಎತ್ತಿ ತುಳಿದು ರೂಢಿ. ಸ್ವಿಫ್ಟ್ ಪೆಡಲು ಹಗುರ, ಹಾಗಾಗಿ ಹಿಮ್ಮಡಿಯನ್ನು ನೆಲಕ್ಕೆ ಊರಿ ಪಾದವನ್ನಷ್ಟೇ ಆಡಿಸುವುದನ್ನು ರೂಢಿಸಿಕೊಂಡೆ. ಆ ಜಾಗ ಕಾಲಿಗೆ ಪಕ್ಕಾ ಗೊತ್ತಾಗುವ ತನಕ ಗೇಟು ದಾಟಲಿಲ್ಲ. ಕಾರು ಬದಲಿಸುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಏರು. ಎಲ್ಲಾ ವ್ಯತ್ಯಾಸ ಗೊತ್ತಾಗುವುದು ಇಲ್ಲಿ. ನನ್ನ ಬೊಲೆರೋದ 2.5 ಲೀಟರ್ ಕಾಮನ್‌ರೈಲ್ ಡೀಸೆಲ್ ಇಂಜಿನ್ 1400 ಆರ್‌ಪಿಎಂಗೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತನ್ನ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ, 195 ನ್ಯೂಟನ್ ಮೀಟರ್. ಸ್ವಿಫ್ಟ್‌ನ 1.2 ಲೀಟರ್ ಇಂಜಿನ್ನಿನ ಹೆಚ್ಚಿನ ಟಾರ್ಕ್ 113, ಅದು ಸಿಗಲು ಆರ್‌ಪಿಎಂ 4200 ಮುಟ್ಟಬೇಕು. ಸಾಲದ್ದಕ್ಕೆ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಇಂಜಿನ್ನು ಎತ್ತರಕ್ಕೆ ಹೋದಷ್ಟೂ ಸೊರಗುತ್ತದೆ. ಗಾಳಿ ತೆಳುವಾದಂತೆ ಸಾವಿರ ಮೀಟರಿಗೆ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ಶಕ್ತಿ ಕಡಿಮೆ. ಮಡಿಕೇರಿ ಇರುವುದೇ ಸಾವಿರದ ನೂರು ಮೀಟರಿಗಿಂತ ಮೇಲೆ. ಹಾಗಾಗಿ ಮಂಗಳೂರು ಕಡೆಯಿಂದ ಕಾರು ತಂದವರಿಗೆ ಇಲ್ಲಿ ಅದು ಮಂದವಾದಂತೆ ಅನಿಸುವುದು ಸುಳ್ಳಲ್ಲ.

ಸಂಪಾಜೆಯಿಂದ ಮೇಲಕ್ಕೆ ಬರುವಾಗ ಬೊಲೆರೋದಲ್ಲಿ ಥರ್ಡ್ ಹಾಕಿ ಸುಮ್ಮನೆ ಕೂರಬಹುದು, ತಿರುವಿನಲ್ಲಿ ವೇಗ ಕುಗ್ಗಿದರೂ ಅದೇ ಎಳೆದುಕೊಳ್ಳುತ್ತದೆ. ಸ್ವಿಫ್ಟ್‌ನಲ್ಲಿ ಸೆಕೆಂಡ್‌ನಿಂದ ಥರ್ಡ್‌ಗೆ ಹೋದಾಗ ಆರ್‌ಪಿಎಂ ಮೂರರಲ್ಲೊಂದು ಪಾಲು ಬೀಳುತ್ತದೆ. 2500ಕ್ಕೆ ಬದಲಿಸಿದರೆ ಥರ್ಡ್‌ನಲ್ಲಿ 1700ರ ಆಸುಪಾಸು. ಏರಿನಲ್ಲಿ ಅಷ್ಟು ಸಾಲದು, ಇಂಜಿನ್ ಗೊರಗೊರ ಅನ್ನುತ್ತದೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಓಟ ಏಳುವುದಿಲ್ಲ. ಅದಕ್ಕೇ ಸೆಕೆಂಡ್‌ನಲ್ಲೇ 3500 ದಾಟಿಸಿ ಆಮೇಲೆ ಬದಲಿಸುತ್ತೇನೆ, ಆಗ ಥರ್ಡ್ 2300ರ ಮೇಲೆ ಕೂರುತ್ತದೆ. ಡೀಸೆಲ್ ಕಿವಿಗೆ 3500 ಅಂದರೆ ಇಂಜಿನ್ ಕಿರುಚಿದಂತೆ ಕೇಳಿಸುತ್ತದೆ, ಕಾಲು ತಾನಾಗಿ ಹಿಂದೆ ಬರುತ್ತದೆ. ಆದರೆ 6000ಕ್ಕೆ ಗರಿಷ್ಠ ಶಕ್ತಿ ಕೊಡುವ ಇಂಜಿನ್ನಿಗೆ ಅದು ಅರ್ಧ ದಾರಿ ಅಷ್ಟೆ. ದೊಡ್ಡ ಗೇರಿನಲ್ಲಿ ಗೊರಗುಟ್ಟಿಸುವುದೇ ಅದಕ್ಕೆ ಹಿಂಸೆ.

ಗೇರ್ ಬದಲಿಸುವ ತಾಳವೂ ಬೇರೆ. ಡೀಸೆಲ್‌ನ ಫ್ಲೈವೀಲು ಭಾರ, ಕಾಲು ತೆಗೆದರೂ ಆರ್‌ಪಿಎಂ ನಿಧಾನವಾಗಿ ಇಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಆರಾಮಾಗಿ ಮುಂದಿನ ಗೇರಿಗೆ ಹಾಕಬಹುದು. ಸ್ವಿಫ್ಟ್‌ನದು ಬೇಗ ಬೀಳುತ್ತದೆ, ಏರಿನಲ್ಲಿ ಅಷ್ಟೊತ್ತು ತಡೆದರೆ ಕಾರಿನ ಓಟವೂ ಹೋಗಿಬಿಡುತ್ತದೆ. ಕೈ ಚುರುಕಾಗಿರಬೇಕು, ಆದರೆ ಬಿಗಿ ಹಿಡಿಯಬಾರದು. ಅಂಗೈಯಲ್ಲಿ ನಾಬ್ ತಳ್ಳಿದರೆ ಸಾಕು, ಗೇರುಗಳ ವೇಗ ಹೊಂದಿಸುವ ಸಿಂಕ್ರೋ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ.

ಗೇರ್ ಇಳಿಸುವುದನ್ನು ಕೂತು ಕಲಿಯಬೇಕು. ಥರ್ಡ್‌ನಿಂದ ಸೆಕೆಂಡ್‌ಗೆ ಬರುವಾಗ ಕ್ಲಚ್ ಒತ್ತಿದ ಹೊತ್ತಿನಲ್ಲೇ ಆಕ್ಸಿಲರೇಟರ್ ಚಿಕ್ಕದಾಗಿ ತಟ್ಟಿ, ಆರ್‌ಪಿಎಂ ಮೇಲೇರಿದ ಕ್ಷಣಕ್ಕೆ ಕ್ಲಚ್ ಬಿಡಬೇಕು. ಹೊಂದಿದರೆ ಹಿಂದೆ ಕೂತವರಿಗೆ ಗೊತ್ತೂ ಆಗುವುದಿಲ್ಲ, ಇಲ್ಲದಿದ್ದರೆ ಎಲ್ಲರ ತಲೆ ಮುಂದಕ್ಕೆ ವಾಲುತ್ತದೆ. ಮಳೆಗಾಲದಲ್ಲಿ ಎಲೆ, ಕೆಸರು ಬಿದ್ದ ತಿರುವಿನಲ್ಲಿ ಆ ಜರ್ಕಿಗೆ ಮುಂದಿನ ಚಕ್ರ ಹಿಡಿತ ತಪ್ಪಬಹುದು. ಸ್ವಿಫ್ಟ್ ಎಳೆಯುವುದೂ ತಿರುಗುವುದೂ ಮುಂದಿನ ಚಕ್ರದಲ್ಲೇ ಅಲ್ಲವೇ? ಮಾಂದಲಪಟ್ಟಿಗೆ ಜೀಪು ಓಡಿಸುವ ನೆರೆಯ ಹುಡುಗ ಒಮ್ಮೆ ಪಕ್ಕದಲ್ಲಿ ಕೂತಿದ್ದವನು, “ಅಣ್ಣ, ತಿರುವಿನ ಒಳಗೆ ಗೇರ್ ಮುಟ್ಟಬೇಡಿ, ಮೊದಲೇ ಹಾಕ್ಕೊಂಡು ಬನ್ನಿ” ಎಂದ. ಅಂದಿನಿಂದ ತಿರುವು ಕಂಡ ಕೂಡಲೇ ಬ್ರೇಕು, ಗೇರು ಎರಡನ್ನೂ ಮುಗಿಸಿ ಒಳಗೆ ಹೋಗುತ್ತೇನೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಇಂಜೆಕ್ಷನ್ ಇಂಜಿನ್ನಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಧನ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಿ ಐಡಲಿಂಗ್‌ಗೆ, ಅಂದರೆ ಇಂಜಿನ್ ಸುಮ್ಮನೆ ತಿರುಗುತ್ತಿರಲು, ಖರ್ಚಾಗುತ್ತಲೇ ಇರುತ್ತದೆ, ಬ್ರೇಕು ಕಾಯುವುದು ಬೇರೆ. ಮದೆನಾಡು, ಜೋಡುಪಾಲದ ಕಡೆ ಇಳಿಯುವಾಗ ಬೊಲೆರೋಗೆ ಥರ್ಡ್ ಸಾಕಾಗುವ ಜಾಗದಲ್ಲಿ ಸ್ವಿಫ್ಟ್‌ಗೆ ಸೆಕೆಂಡ್ ಹಾಕುತ್ತೇನೆ, ಚಿಕ್ಕ ಇಂಜಿನ್ನು ತಡೆಯಬೇಕಾದರೆ ಆರ್‌ಪಿಎಂ ಬೇಕು.

ಏರಿನಲ್ಲಿ ನಿಂತು ಹೊರಡುವುದಕ್ಕೆ ಹ್ಯಾಂಡ್‌ಬ್ರೇಕೇ ಸರಿ. ಎಳೆದಿಟ್ಟು, ಆಕ್ಸಿಲರೇಟರ್ 1800ರ ತನಕ ಕೊಟ್ಟು, ಕ್ಲಚ್ ಹಿಡಿಯುವ ಜಾಗಕ್ಕೆ ತಂದು, ಕಾರು ಬಿಗಿಯಾದ ಮೇಲೆ ಬ್ರೇಕ್ ಇಳಿಸುವುದು. ಬೊಲೆರೋದಲ್ಲಿ ಕ್ಲಚ್‌ನಲ್ಲೇ ಹೊರಟುಬಿಡಬಹುದಿತ್ತು.

ಭಾಗಮಂಡಲದಿಂದ ತಲಕಾವೇರಿಗೆ ಐದು ಜನ ಕೂತು ಹೋಗುವಾಗ ಕಡಿದಾದ ಕಡೆ ಎಸಿ ಆಫ್ ಮಾಡಿ ಸೆಕೆಂಡ್‌ನಲ್ಲೇ ಹತ್ತಿಸುತ್ತೇನೆ, ಬಿಗಿ ತಿರುವಿಗೆ ವೇಗ ತೀರಾ ಕುಗ್ಗಿದರೆ ಹಿಂದೆಮುಂದೆ ನೋಡದೆ ಫಸ್ಟ್‌ಗೆ ಇಳಿಸುತ್ತೇನೆ. ಕಾರು ಪೂರ್ತಿ ನಿಧಾನವಾದ ಮೇಲೆ ಹಾಕಿದರೆ ಫಸ್ಟ್ ತಕರಾರಿಲ್ಲದೆ ಬೀಳುತ್ತದೆ. ಅರ್ಧ ಕ್ಲಚ್‌ನಲ್ಲಿ ಸೆಕೆಂಡ್ ಎಳೆದುಕೊಂಡು ಹೋದರೆ ಪ್ಲೇಟು ಸುಟ್ಟ ವಾಸನೆ ಕಾರಿನೊಳಗೇ ಬರುತ್ತದೆ. ಹಾಗೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಕ್ಲಚ್ ತಣ್ಣಗಾಗಲು ಬಿಡಿ, ಆಮೇಲೆ ಫಸ್ಟ್‌ನಲ್ಲೇ ಹೊರಡಿ.